ಕಾಫಿ ಅವನೇ ಮಾಡಲಿ ಬಿಡಿ

ಸಾಯಿ ಪರಾಂಜಪೆ ನಿರ್ದೇಶನದ ಹಿಂದಿ ಸಿನಿಮಾ ‘ಸ್ಪರ್ಶ್’ (1980) ಮೊದಲ ಸಲ ನೋಡಿದಾಗ ನಾಯಕನ ಮೇಲೆ ನನಗೆ ಸಿಟ್ಟು ಬಂದಿತ್ತು. ನಾಸಿರುದ್ದೀನ್ ಶಾಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದು. ಅನಿರುದ್ಧ ಅಂಧ ಮಕ್ಕಳ ಶಾಲೆಯ ಪ್ರಿನ್ಸಿಪಾಲ್. ಅವನಿಗೂ ಕಣ್ಣು ಕಾಣೋದಿಲ್ಲ. ತನ್ನನ್ನು ನೋಡೋಕೆ ಬಂದ ಕವಿತಾಗೆ (ಶಬಾನಾ ಆಜ್ಮಿ) ಕಾಫಿ ಮಾಡೋಕೆ ಹೊರಡ್ತಾನೆ. ಅವಳು ಸಹಾಯಕ್ಕೆ ಹೋದರೆ ರೇಗ್ತಾನೆ. ಒಳ್ಳೇ ಮನಸ್ಸಿಂದ ಬಂದವಳ ಹತ್ತಿರ ಏನಿಷ್ಟು ಜಂಭ ಅಂದುಕೊಂಡಿದ್ದೆ.

ಆಮೇಲೊಂದು ಸಂಜೆ ಬೆಂಗಳೂರಿನ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಬಿಳಿ ಕೋಲು ಹಿಡಿದ ಹಿರಿಯರೊಬ್ಬರು ಸಿಕ್ಕರು. ಏನೂ ಕೇಳದೆ ಅವರ ತೋಳು ಹಿಡಿದು ನಡೆಸತೊಡಗಿದೆ. ಅವರು ನಿಂತುಬಿಟ್ಟರು. “ಕೋಲು ಹಿಡಿದಿರೋ ಕೈ ಬಿಡಿ ಸಾರ್. ಬೇಕಾದ್ರೆ ನಾನೇ ನಿಮ್ಮ ಮೊಣಕೈ ಹಿಡ್ಕೋತೀನಿ. ನೀವು ಅರ್ಧ ಹೆಜ್ಜೆ ಮುಂದೆ ನಡೀರಿ.” ದಾರಿ ತಿಳಿಯೋಕೆ ಅವರಿಗಿದ್ದದ್ದು ಆ ಕೋಲು. ಸಹಾಯದ ಹೆಸರಲ್ಲಿ ನಾನು ಅದನ್ನೇ ಕಟ್ಟಿಹಾಕಿದ್ದೆ!

ಮನೆಗೆ ಬಂದು ಮತ್ತೆ ‘ಸ್ಪರ್ಶ್’ ನೋಡಿದೆ. ಈ ಸಲ ಕಾಫಿಯ ದೃಶ್ಯದಲ್ಲಿ ಕಂಡದ್ದು ಅವನ ಜಂಭ ಅಲ್ಲ, ಕವಿತಾಳ ಅವಸರ. ಆತಿಥ್ಯ ಅವನದು, ಅತಿಥಿ ಅವಳು. ಕಣ್ಣಿರೋ ಗಂಡಸು ಕಾಫಿ ಮಾಡ್ತೀನಿ ಅಂದಿದ್ದರೆ ಅವಳು ಬಹುಶಃ ಸುಮ್ಮನೆ ಕೂತಿರುತ್ತಿದ್ದಳು.

ಹಾಗಂತ ಸಿನಿಮಾ ಅವನನ್ನು ಮಹಾತ್ಮ ಮಾಡೋದಿಲ್ಲ. ಅವಳ ಪ್ರೀತಿಯಲ್ಲೂ ಅವನಿಗೆ ದಯೆಯ ವಾಸನೆ ಬಡಿಯುತ್ತೆ, ನಿಶ್ಚಯವಾದ ಮದುವೆಯನ್ನೇ ಮುರಿದುಕೊಳ್ತಾನೆ. ಯಾರ ಸಹಾಯವೂ ಬೇಡ ಅನ್ನೋದೇ ಸ್ವಾತಂತ್ರ್ಯ ಅಲ್ಲ; ಬೇಕೋ ಬೇಡವೋ, ಬೇಕಾದರೆ ಹೇಗೆ ಅನ್ನೋದನ್ನು ತಾನೇ ತೀರ್ಮಾನಿಸೋದು ಸ್ವಾತಂತ್ರ್ಯ. ಮೆಟ್ರೋದ ಆ ಹಿರಿಯರಿಗೆ ಗೊತ್ತಿದ್ದ ಈ ವ್ಯತ್ಯಾಸ ಅನಿರುದ್ಧನಿಗೆ ತಡವಾಗಿ ಹೊಳೆಯುತ್ತೆ.

ನನ್ನ ತಕರಾರು ಇಷ್ಟೇ. ಕೊನೆಕೊನೆಗೆ ಕಥೆಯ ಗಂಟೆಲ್ಲ ಅವನ ಸ್ವಾಭಿಮಾನದಲ್ಲೇ ಇದೆ ಅನ್ನಿಸುತ್ತೆ. ಅವನೊಬ್ಬ ಬದಲಾದರೆ ಸಾಕಾ? ಕೇಳದೆ ಕೈ ಹಾಕೋ ನಮ್ಮಂಥವರು ಸುಲಭವಾಗಿ ಪಾರಾಗ್ತೀವಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪೀಠಿಕೆಯಲ್ಲೇ ತಮ್ಮ ಆಯ್ಕೆ ತಾವೇ ಮಾಡಿಕೊಳ್ಳುವ ಸ್ವಾತಂತ್ರ್ಯದ ಮಾತಿದೆ. ಆದರೆ ಮೆಟ್ಟಿಲ ಹತ್ತಿರ ಬೇಕಾಗೋದು ಕಾಯ್ದೆಗಿಂತ ಮೊದಲು ಒಂದು ಪ್ರಶ್ನೆ: “ಸಹಾಯ ಬೇಕಾ ಸಾರ್?” ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು. “ಬೇಡ” ಅಂದರೆ ಬೇಜಾರು ಮಾಡಿಕೊಳ್ಳದೆ ಹೊರಡಬೇಕು.

ಮನೆಗೆ ಕರೆದು ಕಾಫಿ ಮಾಡ್ತೀನಿ ಅಂದರೆ, ಕೂತು ಕುಡೀಬೇಕು.