ಹೋಲ್‌ಸ್ಟರ್‌ನಿಂದ ಪಿಸ್ತೂಲು ತೆಗೆಯುವ ಕಲಿಕೆ

ಸೊಂಟದ ಹೋಲ್‌ಸ್ಟರ್‌ನಿಂದ ಪಿಸ್ತೂಲು ತೆಗೆಯುವುದನ್ನು ಆತ್ಮರಕ್ಷಣೆಯ ತರಬೇತಿಯಲ್ಲಿ ನಾಲ್ಕೈದು ಹಂತಗಳಾಗಿ ಬಿಡಿಸಿ ಕಲಿಸುತ್ತಾರೆ. ಒಂದು ಕೈ ಅಂಗಿಯನ್ನು ಸರಿಸುತ್ತದೆ, ಇನ್ನೊಂದು ಹಿಡಿಯನ್ನು ಭದ್ರವಾಗಿ ಹಿಡಿಯುತ್ತದೆ. ಪಿಸ್ತೂಲು ನೇರ ಮೇಲಕ್ಕೆ ಬಂದು, ನಳಿಗೆ ಮುಂದಕ್ಕೆ ತಿರುಗಿ, ಎದೆಯ ಮುಂದೆ ಎರಡೂ ಕೈ ಕೂಡಿದ ಮೇಲೆ ತೋಳು ಚಾಚುತ್ತದೆ. ಗುಂಡು ಹಾರಿಸಲೇಬೇಕೆಂದು ನಿರ್ಧಾರವಾಗುವ ತನಕ ತೋರುಬೆರಳು ಟ್ರಿಗರ್ ಮುಟ್ಟುವಂತಿಲ್ಲ. ಈ ಬಗೆಯ ಶಿಸ್ತನ್ನು ಹಬ್ಬಿಸಿದವುಗಳಲ್ಲಿ ಜೆಫ್ ಕೂಪರ್ 1976ರಲ್ಲಿ ಅಮೆರಿಕದ ಅರಿಜೋನಾದಲ್ಲಿ ತೆರೆದ ಪಿಸ್ತೂಲು ತರಬೇತಿ ಶಾಲೆ ಮುಖ್ಯವಾದದ್ದು.

ಈ ಪದ್ಧತಿಯ ನಿಜವಾದ ಗುಣ ಬೆರಳು ಮತ್ತು ನಳಿಗೆಯ ಮೇಲಿನ ಹತೋಟಿ. ಪಿಸ್ತೂಲನ್ನು ಮರಳಿ ಇಡುವಾಗಲೂ ಅದೇ ಹತೋಟಿ ಬೇಕು. ಅವಸರದಲ್ಲಿ ಅಂಗಿಯ ಅಂಚು ಟ್ರಿಗರ್‌ಗೆ ಸಿಕ್ಕಿದರೆ ಗುಂಡು ಸ್ವಂತ ತೊಡೆಗೇ ಬೀಳಬಹುದು. ಹೀಗಿದ್ದೂ ಅನೇಕ ತರಬೇತಿಗಳು ಟೈಮರ್ ಹಿಡಿದು ತೆಗೆಯುವ ವೇಗವನ್ನಷ್ಟೇ ಅಳೆಯುತ್ತವೆ. ಅವು ಆಧಾರವಾಗಿ ತೋರಿಸುವುದು ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನ್ನಿಸ್ ಟುಲರ್ 1983ರಲ್ಲಿ ಬರೆದ ಲೇಖನವನ್ನು. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲ ಎಂಬುದು ಅದರ ಸಾರ. ಪಳಗಿದ ಕೈಗೂ ಪಿಸ್ತೂಲು ತೆಗೆದು ಹೊಡೆಯಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಇದರಿಂದ ಕಲಿಯಬೇಕಾದದ್ದು ಅಪಾಯವನ್ನು ಮೊದಲೇ ಗುರುತಿಸಿ ದೂರ ಸರಿಯುವುದನ್ನು. ಕೈಯ ವೇಗದ ಮಾತು ಆಮೇಲಿನದು.

ಹೈದರಾಬಾದಿನ ಮಲ್ಕಾಜ್‌ಗಿರಿಯಂಥ ಕಿಕ್ಕಿರಿದ ಕಡೆ, ವೇಗವನ್ನಷ್ಟೇ ಅಳೆಯುವ ತರಬೇತಿಯ ಕೊರತೆ ಇನ್ನೂ ದೊಡ್ಡದಾಗುತ್ತದೆ. ಆನಂದ್‌ಬಾಗ್, ಮಿರ್ಜಾಲ್‌ಗುಡಾಗಳ ಗಲ್ಲಿಗಳಲ್ಲಿ, ರೈಲು ನಿಲ್ದಾಣದ ಸುತ್ತ, ಗುರಿ ತಪ್ಪಿದ ಗುಂಡಿನ ದಾರಿಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಗುರಿಯ ಹಿಂದೇನಿದೆ ಎಂದು ನೋಡುವುದು ಕೂಪರ್ ಹೇಳಿದ ನಾಲ್ಕನೆಯ ಸುರಕ್ಷತಾ ನಿಯಮ. ಈ ಊರಿಗೆ ಅದೇ ಮೊದಲನೆಯದಾಗಬೇಕು.

ಕಾನೂನೂ ಇದೇ ದಿಕ್ಕಿನಲ್ಲಿದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಕೇಳುವವರಿಗೆ ಸುರಕ್ಷತಾ ತರಬೇತಿಯನ್ನು ವಿಧಿಸುತ್ತವೆ. ಸಾರ್ವಜನಿಕ ಸ್ಥಳದಲ್ಲಿ ಆಯುಧ ಹೊರಗೆ ಕಾಣದಂತೆ ಪೂರ್ತಿ ಮುಚ್ಚಿರಬೇಕೆನ್ನುತ್ತವೆ. ಆದ್ದರಿಂದ ಬಟ್ಟೆ ಸರಿಸುವುದನ್ನು ಬಿಟ್ಟು ಮಾಡಿದ ಅಭ್ಯಾಸ ಇಲ್ಲಿ ಅರೆಬರೆಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು 34ರಿಂದ 44ನೇ ಕಲಮುಗಳಲ್ಲಿದೆ. ಪೊಲೀಸರ ರಕ್ಷಣೆ ಪಡೆಯಲು ಸಮಯವಿದ್ದಾಗ ಆ ಹಕ್ಕಿಲ್ಲ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತೆಯೂ ಇಲ್ಲ. ಪಿಸ್ತೂಲನ್ನು ಯಾವಾಗ ತೆಗೆಯಬಾರದೆಂದು ಹೇಳಿಕೊಡದ ತರಬೇತಿ ಕಲಿಯುವವನನ್ನು ಜೈಲಿನ ಬಾಗಿಲಿಗೆ ತಂದು ಬಿಡಬಹುದು.

ಗಗನ್ ನಾರಂಗ್, ಈಶಾ ಸಿಂಗ್ ಅವರಂಥ ಶೂಟರ್‌ಗಳ ಊರು ಹೈದರಾಬಾದ್. ಆದರೆ ಒಲಿಂಪಿಕ್ ಶೂಟಿಂಗ್‌ನಲ್ಲಿ ಹೋಲ್‌ಸ್ಟರ್‌ಗೆ ಜಾಗವೇ ಇಲ್ಲ. ಅಲ್ಲಿ ಪಳಗಿದ ಗುರಿ ಇಲ್ಲಿ ಒದಗುತ್ತದೆ, ಪಿಸ್ತೂಲು ತೆಗೆಯುವ ಚಲನೆಯನ್ನು ಮಾತ್ರ ಬೇರೆಯಾಗಿಯೇ ಕಲಿಯಬೇಕು. ಅದರ ಬಹುಭಾಗವನ್ನು ಖಾಲಿ ಪಿಸ್ತೂಲಿನಿಂದ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ನಿಧಾನವಾಗಿ ಕಲಿಯಬಹುದು. ಪಿಸ್ತೂಲು ಖಾಲಿಯಿದೆಯೇ ಎಂದು ಪ್ರತಿ ಸಲವೂ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ನಿರ್ಲಕ್ಷ್ಯದಿಂದ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದವರಿಗೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇವೆ.