ಹೆಸರಲ್ಲಿ ಜಾಝ್, ತುದಿಯಲ್ಲಿ ಚೂಪು

ಗಿಟಾರ್ ಅಂಗಡಿಗೆ ಹೋಗಿ ‘ಜಾಝ್ ನುಡಿಸೋಕೆ ಒಳ್ಳೇ ಪಿಕ್ ಕೊಡಿ’ ಅಂದ್ರೆ ಹೆಚ್ಚಾಗಿ ಕೈಗೆ ಬರೋದು ಐದು ರೂಪಾಯಿ ನಾಣ್ಯದಷ್ಟಗಲದ ಒಂದು ಕೆಂಪು ನೈಲಾನ್ ಚೂರು. ಡನ್‌ಲಪ್ ಕಂಪನಿಯ ಜಾಝ್ ತ್ರೀ. ದಪ್ಪ 1.38 ಮಿಲಿಮೀಟರ್, ತುದಿ ಚೂಪು, ಬಾಗೋ ಮಾತೇ ಇಲ್ಲ. ಜೊತೆಗೆ ‘ಸ್ಪೀಡೂ ಬರುತ್ತೆ, ಟೋನೂ ಬರುತ್ತೆ’ ಅನ್ನೋ ಭರವಸೆ ಫ್ರೀ. ನನ್ನ ತಕರಾರು ಇರೋದು ಆ ಎರಡನೇ ‘ಊ’ ಮೇಲೆ.

ಸ್ಪೀಡಿನ ಮಾತು ನಿಜ. ತೆಳು ಪಿಕ್ ತಂತಿಗೆ ತಾಗಿದ ಕೂಡಲೇ ಬಾಗುತ್ತೆ, ಆಮೇಲೆ ಜಾರುತ್ತೆ. ಆ ಕ್ಷಣಾರ್ಧದ ತಡ ನಿಧಾನದ ಬ್ಯಾಲಡ್‌ನಲ್ಲಿ ಗೊತ್ತೇ ಆಗಲ್ಲ, ಬೀಬಾಪ್ ವೇಗದಲ್ಲಿ ಮಾತ್ರ ಸ್ವರಗಳು ಒಂದರ ಮೇಲೊಂದು ಎಡವಿ ಬೀಳ್ತವೆ. ಗಟ್ಟಿ ಪಿಕ್‌ನಲ್ಲಿ ಈ ರಗಳೆ ಇಲ್ಲ. ಆದ್ರೆ ಚೂಪು ತುದಿ ಮೀಟಿದಾಗ ತಂತಿಯ ಮೇಲಿನ ಹಾರ್ಮೋನಿಕ್‌ಗಳು ಜಾಸ್ತಿ ಏಳ್ತವೆ. ಸದ್ದು ಸ್ಪಷ್ಟವಾಗುತ್ತೆ, ಹೊಳೆಯುತ್ತೆ, ಸ್ವಲ್ಪ ತೆಳ್ಳಗೂ ಆಗುತ್ತೆ. ಜಾಝ್ ಗಿಟಾರಿಗರು ಅದೇ ಹೊಳಪನ್ನು ತಗ್ಗಿಸೋಕೆ ಫ್ಲ್ಯಾಟ್‌ವೌಂಡ್ ತಂತಿ ಹಾಕ್ತಾರೆ, ಕುತ್ತಿಗೆ ಪಕ್ಕದ ಪಿಕಪ್ ಬಳಸ್ತಾರೆ, ಟೋನ್ ನಾಬ್ ಕೆಳಗಿಳಿಸ್ತಾರೆ. ಒಂದು ಕೈಲಿ ತಂದದ್ದನ್ನ ಇನ್ನೊಂದು ಕೈಲಿ ಒರೆಸಿದ ಹಾಗೆ.

ತಮಾಷೆ ಅಂದ್ರೆ, ಈ ಪಿಕ್ಕಿಗೆ ದೊಡ್ಡ ಅಭಿಮಾನಿ ಬಳಗ ಇರೋದು ರಾಕ್ ಮತ್ತು ಮೆಟಲ್ ಲೋಕದಲ್ಲಿ. ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಹೆಸರಲ್ಲೇ ಒಂದು ಜಾಝ್ ತ್ರೀ ಇದೆ. ಡಿಸ್ಟಾರ್ಶನ್ ಹಾಕಿದಾಗ ಆ ಚೂಪು ಬೇಕೇ ಬೇಕು. ಅದೇ ಸರಣಿಯಲ್ಲಿ ದುಂಡು ತುದಿಯ ಜಾಝ್ ಒನ್ ಕೂಡ ಇದೆ. ಪಾಪ, ಅದನ್ನ ಕೇಳೋರು ಕಮ್ಮಿ.

ಹಾಗಂತ ಗಟ್ಟಿತನವೇ ಟೋನ್ ಕೆಡಿಸುತ್ತೆ ಅಂತಲ್ಲ. ರಾಜೀವ ತಾರಾನಾಥರ ಸರೋದ್ ಕೇಳಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಸರೋದ್ ಮೀಟೋ ಜವಾ ತೆಂಗಿನ ಚಿಪ್ಪಿನದು, ಚೂರೂ ಬಾಗಲ್ಲ, ಆದ್ರೂ ಸ್ವರಕ್ಕೆ ಎಷ್ಟು ಮೈ! ಜಾಂಗೋ ರೈನ್‌ಹಾರ್ಟ್ ಪರಂಪರೆಯ ಜಿಪ್ಸಿ ಜಾಝ್ ನುಡಿಸೋರು ಮೂರು, ಐದು ಮಿಲಿಮೀಟರ್ ದಪ್ಪದ ಪಿಕ್ ಹಿಡೀತಾರೆ. ಅದರ ಅಂಚನ್ನ ಉಜ್ಜಿ ಉಜ್ಜಿ ನುಣುಪು ಮಾಡಿರ್ತಾರೆ. ತಂತಿ ಬದಲಾದಾಗಲೆಲ್ಲ ಕೆಳಮೀಟು, ಮೀಟಿದ ಪಿಕ್ ಮುಂದಿನ ತಂತಿ ಮೇಲೆ ಹೋಗಿ ಕೂರಬೇಕು. ಆಂಪ್ಲಿಫೈಯರ್ ಇಲ್ಲದ ಗಿಟಾರಿನಿಂದ ಅಷ್ಟು ಸದ್ದು, ಅಷ್ಟು ವೇಗ ಬರೋದು ಈ ಎರಡೂ ಸೇರಿ. ಪಿಕ್ ಮಾತ್ರ ತರಿಸಿಕೊಂಡು ಮಣಿಕಟ್ಟನ್ನ ಹಳೇ ಅಭ್ಯಾಸಕ್ಕೇ ಬಿಟ್ರೆ ಕೈಯಲ್ಲಿ ಉಳಿಯೋದು ಒಂದು ದುಬಾರಿ ಗುಂಡಿ ಅಷ್ಟೇ.

ಪ್ಯಾಟ್ ಮೆಥೆನಿ ಇದಕ್ಕೆ ತದ್ವಿರುದ್ಧ. ತೆಳು ಪಿಕ್ಕು, ಅದೂ ಚೂಪು ಬದಿಯಿಂದಲ್ಲ, ದುಂಡಗಿನ ಭುಜದ ಕಡೆಯಿಂದ. ಅಂಗಡಿಯ ಸೂತ್ರದ ಪ್ರಕಾರ ಆತ ನಿಧಾನವಾಗಿ ನುಡಿಸಬೇಕಿತ್ತು! ಜಾರ್ಜ್ ಬೆನ್ಸನ್ ಕೈ ನೋಡಿ: ಹೆಬ್ಬೆರಳು ಹಿಂದಕ್ಕೆ ಬಾಗಿ, ಪಿಕ್ಕಿನ ಓರೆ ಎಲ್ಲರಿಗಿಂತ ಉಲ್ಟಾ. ತುದಿ ನೇರ ಬಡಿಯಲ್ಲ, ಅಂಚು ಸವರಿಕೊಂಡು ಹೋಗುತ್ತೆ. ವೇಗ ಮತ್ತು ಬೆಚ್ಚಗಿನ ನಾದ ಒಟ್ಟಿಗೆ ಸಿಕ್ಕಿರೋದು ಆ ಓರೆಯಲ್ಲಿ. ಅದನ್ನ ಯಾವ ಪ್ಯಾಕೆಟ್ಟಿನಲ್ಲಿಟ್ಟು ಮಾರ್ತಾರೆ ಹೇಳಿ?

ವೆಸ್ ಮಾಂಟ್ಗೊಮರಿ ಹತ್ತಿರ ಪಿಕ್ಕೇ ಇರಲಿಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ಹಗಲು ಫ್ಯಾಕ್ಟರಿ ಕೆಲಸ, ರಾತ್ರಿ ಕ್ಲಬ್ಬುಗಳಲ್ಲಿ ಗಿಟಾರ್. ಮನೇಲಿ ಅಭ್ಯಾಸ ಮಾಡುವಾಗ ಸದ್ದು ಕಮ್ಮಿ ಇರಲಿ ಅಂತ ಹೆಬ್ಬೆರಳಲ್ಲಿ ಮೀಟೋಕೆ ಶುರು ಮಾಡಿದ್ದು ಅಂತಾರೆ. 1960ರ ‘ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್ ಆಫ್ ವೆಸ್ ಮಾಂಟ್ಗೊಮರಿ’ ಆಲ್ಬಮ್‌ನಲ್ಲಿ ‘ಫೋರ್ ಆನ್ ಸಿಕ್ಸ್’ ಕೇಳಿ. ಬಹುಪಾಲು ಕೆಳಮೀಟು, ಅದೂ ಬರೀ ಹೆಬ್ಬೆರಳಿನ ಮೆತ್ತೆಯಿಂದ. ಓಟಕ್ಕೇನೂ ಕೊರತೆ ಇಲ್ಲ, ಆದ್ರೆ ಕಿವಿಯಲ್ಲಿ ನಿಲ್ಲೋದು ಓಟ ಅಲ್ಲ. ಪ್ರತಿ ಸ್ವರವೂ ದುಂಡಗೆ, ಯಾರೋ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ.

ಹಗಲು ಕೆಲಸದ ಆ ವಿವರ ನನ್ನನ್ನ ಯಾಕೋ ಕಾಡುತ್ತೆ. ನಮ್ಮಲ್ಲಿ ಎಷ್ಟೋ ಜನ ಗಿಟಾರ್ ತೆಗೆಯೋದೇ ರಾತ್ರಿ ಊಟ ಆದ್ಮೇಲೆ, ಸಿಕ್ರೆ ನಲವತ್ತು ನಿಮಿಷ. ಅದರಲ್ಲಿ ಇಪ್ಪತ್ತು ನಿಮಿಷ ಯಾವ ಪಿಕ್ಕಿನಲ್ಲಿ ಇನ್ನೂ ಹತ್ತು ಬಿಪಿಎಂ ಏರಿಸಬಹುದು ಅಂತ ಹುಡುಕೋದಕ್ಕೆ ಹೋಗುತ್ತೆ. ಆಫೀಸಿನ ಟಾರ್ಗೆಟ್ಟು ಮನೆಗೂ ಬಂದ ಹಾಗೆ. ಸಂಖ್ಯೆ ಏರಿದ್ದು ಗೊತ್ತಾಗುತ್ತೆ, ಸ್ವರದ ಮೈ ಕರಗಿದ್ದು ಗೊತ್ತಾಗಲ್ಲ, ಯಾಕಂದ್ರೆ ಅದನ್ನ ತೋರಿಸೋ ಮೀಟರ್ ಫೋನಿನಲ್ಲಿಲ್ಲ.

ಹಾಗಾದ್ರೆ ಆರಿಸೋದು ಹೇಗೆ? ನನ್ನ ದಾರಿ ಇಷ್ಟು. ಮೂರು ಪಿಕ್ ತಗೊಳ್ಳಿ: ಚೂಪಿನದೊಂದು, ದುಂಡು ತುದಿಯದೊಂದು, 1.5 ಮಿಲಿಮೀಟರಿನ ಸೆಲ್ಯುಲಾಯ್ಡ್ ಒಂದು. ಹನ್ನೆರಡು ಬಾರ್‌ಗಳ ಒಂದೇ ಬ್ಲೂಸ್ ಅನ್ನ, ಒಂದೇ ವಾಲ್ಯೂಮಿನಲ್ಲಿ, ನಿಧಾನವಾಗಿ ಮೂರು ಸಲ ರೆಕಾರ್ಡ್ ಮಾಡಿ. ಯಾವುದು ಯಾವುದು ಅಂತ ಬರೆದಿಡಿ, ಆದ್ರೆ ಮಾರನೇ ದಿನ ಆ ಚೀಟಿ ನೋಡದೆ ಕೇಳಿ. ಸ್ವರದ ಮುಂದೆ ‘ಟಿಕ್’ ಎಷ್ಟು, ಆಮೇಲಿನ ನಾದ ಎಷ್ಟು? ಮೇಲ್ಮೀಟು ಕೆಳಮೀಟಿಗಿಂತ ಬಡಕಲಾಗಿ ಕೇಳ್ತಿದ್ಯಾ? ಆಮೇಲೆ ವೇಗ ಏರಿಸಿ ಅದೇ ಪರೀಕ್ಷೆ. ತುಂಬಾ ವೇಗದಲ್ಲಿ ಚೂಪು ಗೆದ್ರೆ ಗೆಲ್ಲಲಿ. ಡ್ರಮ್ಮು, ಸ್ಯಾಕ್ಸೋಫೋನ್ ನಡುವೆ ಆ ‘ಟಿಕ್’ ಇಲ್ಲದೆ ಗಿಟಾರ್ ಮುಳುಗಿಹೋಗೋ ಜಾಗಗಳೂ ಇವೆ.

ಕೆಂಪು ಚೂರು ಈಗಾಗಲೇ ಕೊಂಡಾಗಿದ್ರೆ ಎಸೀಬೇಡಿ. ಮೆಥೆನಿ ಥರ ತಿರುಗಿಸಿ, ಭುಜದ ಕಡೆಯಿಂದ ಮೀಟಿ ನೋಡಿ. ಅದೇ ದುಡ್ಡಿಗೆ ಎರಡನೇ ಪಿಕ್.