‘೨೦೦೧’ ಚಿತ್ರದ ಸಂಗ್ರಹಪಾಠ: ಒಂದು ವಿವೇಚನೆ
ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರ ‘೨೦೦೧: ಎ ಸ್ಪೇಸ್ ಒಡಿಸಿ’ ೧೯೬೮ರಲ್ಲಿ ತೆರೆಕಂಡಿತು. ಪ್ರಥಮ ಪ್ರದರ್ಶನವಾದ ಕೆಲವೇ ದಿನಗಳಲ್ಲಿ ಅವರು ತಾವೇ ಸುಮಾರು ೧೯ ನಿಮಿಷಗಳ ಭಾಗವನ್ನು ತೆಗೆದುಹಾಕಿದರು. ಉಳಿದ ಸುಮಾರು ೧೪೨ ನಿಮಿಷಗಳ ಪಾಠವೇ ಇಂದು ಮೂಲವೆನಿಸಿದೆ. ಈ ಚಿತ್ರದ ಅಭಿಮಾನಿಯೂ ಸ್ವತಃ ನಿರ್ದೇಶಕರೂ ಆದ ಸ್ಟೀವನ್ ಸೋಡರ್‌ಬರ್ಗ್ ೨೦೧೫ರಲ್ಲಿ ಅದನ್ನು ೧೧೦ ನಿಮಿಷಗಳಿಗೆ ಇಳಿಸಿ ಪ್ರಕಟಿಸಿದರು. ಹಕ್ಕುದಾರರ ಕೋರಿಕೆಯಂತೆ ಹಿಂತೆಗೆದುಕೊಂಡರು.

ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು ಕವಿಯೇ ತಿದ್ದಿದ ಪಾಠ. ಎರಡನೆಯದು ಸಹೃದಯನು ಮಾಡಿಕೊಂಡ ಸಂಗ್ರಹ. ಸಂಗ್ರಹಿಸುವುದು ತನ್ನಷ್ಟಕ್ಕೆ ದೋಷವಲ್ಲ. ಕಥೆಯ ಅನಗತ್ಯ ವಿಸ್ತಾರವನ್ನು ಅದು ಎಷ್ಟೋ ಕಡೆ ನೀಗಬಲ್ಲದು. ಆದರೆ ಈ ಚಿತ್ರದಲ್ಲಿ ಕಥಾಂಶವು ಮೊದಲೇ ವಿರಳ. ಗಗನಯಾತ್ರಿಯು ನೌಕೆಯ ಹೊರಗೆ ತೇಲುತ್ತಿರುವಾಗ ಬಹುಹೊತ್ತು ನಮಗೆ ಕೇಳಿಸುವುದು ಅವನ ಉಸಿರೊಂದೇ. ಅಲ್ಲಿ ಕಥೆ ಮುಂದೆ ಸಾಗುವುದು ಅತ್ಯಲ್ಪ; ಆಕಾಶದ ಅಗಾಧತೆಯೂ ಮನುಷ್ಯನ ಒಂಟಿತನವೂ ಅನುಭವಕ್ಕೆ ಬರುವುದು ಆ ದೀರ್ಘಾವಧಿಯಿಂದಲೇ. ಇಂಥ ಕೃತಿಯಿಂದ ೩೨ ನಿಮಿಷಗಳನ್ನು ಕಳೆದಾಗ ಕಥೆ ಚುರುಕಾದೀತು, ರಸವು ಕುಗ್ಗದಿರದು.

ಆದಕಾರಣ ಮೂಲವನ್ನು ಬಲ್ಲವರು ಇಂಥ ಸಂಗ್ರಹವನ್ನು ಒಂದು ವ್ಯಾಖ್ಯಾನವೆಂದು ಭಾವಿಸಿ ನೋಡಬಹುದು. ಮೂಲವನ್ನು ಕಾಣದವರಿಗೆ ಮೊದಲು ಇದನ್ನು ತೋರಿಸತಕ್ಕದ್ದಲ್ಲವೆಂಬುದು ನಮ್ಮ ಅಭಿಪ್ರಾಯ.